ಮಾತಿಲ್ಲದೆ ಕೊಟ್ಟ ಮಾತು

1576ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಒಂದು ಮದುವೆ ನಡೆಯಿತು. ಗಂಡು ಥಾಮಸ್ ಟಿಲ್ಸಿ, ಹೆಣ್ಣು ಉರ್ಸುಲಾ ರಸೆಲ್. ಆ ಕಾಲದ ಚರ್ಚ್ ರಿಜಿಸ್ಟರುಗಳಲ್ಲಿ ಮದುವೆಯೊಂದಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಒಂದು ಸಾಲು. ಇಂಥ ದಿನ, ಇಂಥವನಿಗೂ ಇಂಥವಳಿಗೂ ಮದುವೆಯಾಯಿತು, ಅಷ್ಟೇ. ಈ ಮದುವೆಗೆ ಮಾತ್ರ ಬರೆದವರು ಇಡೀ ಪ್ಯಾರಾ ಕೊಟ್ಟಿದ್ದಾರೆ. ಥಾಮಸ್‌ಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಪಾದ್ರಿ ಹೇಳಿಕೊಟ್ಟದ್ದನ್ನು ಮದುಮಗ ಪದಪದವಾಗಿ ತಿರುಗಿ ಹೇಳಬೇಕು ಎಂಬುದು ಪ್ರಾರ್ಥನಾ ಪುಸ್ತಕದ ನಿಯಮ. ಥಾಮಸ್‌ನಿಂದ ಅದು ಆಗುವಂತಿರಲಿಲ್ಲ.

ಅವನು ಏನು ಮಾಡಿದ ಎಂಬುದನ್ನು ರಿಜಿಸ್ಟರು ಒಂದೊಂದಾಗಿ ಹೇಳುತ್ತದೆ. ಮೊದಲು ಉರ್ಸುಲಾಳನ್ನು ತೋಳುಗಳಲ್ಲಿ ಬಳಸಿಕೊಂಡ. ಅವಳ ಕೈ ಹಿಡಿದ. ಬೆರಳಿಗೆ ಉಂಗುರ ತೊಡಿಸಿದ. ತನ್ನ ಎದೆಯ ಮೇಲೆ ಕೈಯಿಟ್ಟ. ಎರಡೂ ಕೈಗಳನ್ನು ಆಕಾಶದ ಕಡೆ ಎತ್ತಿದ. ಆಮೇಲೆ ಕಷ್ಟದ ಭಾಗ ಬಂತು. ಸಾಯುವವರೆಗೂ ಇವಳ ಜೊತೆ ಬಾಳುತ್ತೇನೆ ಎಂಬುದನ್ನು ಸನ್ನೆಯಲ್ಲಿ ಹೇಳುವುದು ಹೇಗೆ? ಥಾಮಸ್ ತನ್ನ ಕೈಗಳಿಂದಲೇ ತನ್ನ ಕಣ್ಣು ಮುಚ್ಚಿಕೊಂಡ. ಪಾದದಿಂದ ನೆಲ ಅಗೆದು ತೋರಿಸಿದ. ಕೊನೆಗೆ ಹಗ್ಗ ಜಗ್ಗಿ ಚರ್ಚಿನ ಗಂಟೆ ಬಾರಿಸುವವನಂತೆ ಕೈಯಾಡಿಸಿದ. ಕಣ್ಣು ಮುಚ್ಚುವುದು, ಗುಂಡಿ ತೋಡುವುದು, ಸಾವಿನ ಗಂಟೆ: ಮೂರು ಸನ್ನೆಗಳಲ್ಲಿ ಒಂದು ಇಡೀ ಉಪವಾಕ್ಯ.

ಇವನ್ನೆಲ್ಲ ಅವನು ತಾನಾಗಿಯೇ ಮಾಡಿದ ಎಂದು ಬರೆದವರು ಒತ್ತಿ ಹೇಳಿದ್ದಾರೆ. ಹೇಳಿಕೊಡುವುದಕ್ಕೆ ಶಾಲೆಯಂಥದ್ದೇನೂ ಇರಲಿಲ್ಲ. ಪ್ಯಾರಿಸಿನಲ್ಲಿ ಅಬ್ಬೆ ದ ಲೆಪೆ ಕಿವುಡ ಮಕ್ಕಳಿಗಾಗಿ ಶಾಲೆ ತೆರೆಯಲು ಇನ್ನೂ ಸುಮಾರು 180 ವರ್ಷ ಬಾಕಿಯಿತ್ತು.

ಈ ವಿವರಣೆಯ ಹಿಂದಿನ ಉದ್ದೇಶ ಕಾನೂನಿನದು. ಮುಂದೆ ಯಾರಾದರೂ ಬಂದು ಇದು ಮದುವೆಯೇ ಅಲ್ಲ, ಇವರ ಮಕ್ಕಳು ಹಕ್ಕಿನ ಮಕ್ಕಳಲ್ಲ ಎಂದು ತಗಾದೆ ತೆಗೆದರೆ ತೋರಿಸಲು ಸಾಕ್ಷಿ ಬೇಕು. ಬಿಷಪ್ಪರ ಒಪ್ಪಿಗೆ ಪಡೆಯಲಾಗಿತ್ತು, ಪಟ್ಟಣದ ಮೇಯರ್ ಮತ್ತು ಅವನ ಸಹವರ್ತಿಗಳೂ ಒಪ್ಪಿದ್ದರು ಎಂಬುದನ್ನೂ ಅಲ್ಲಿಯೇ ನಮೂದಿಸಲಾಗಿದೆ. (ರಿಜಿಸ್ಟರಿನಲ್ಲಿ ಇಸವಿ 1575 ಎಂದಿದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮ ಲೆಕ್ಕದಲ್ಲಿ ಅದು 1576.) ಉರ್ಸುಲಾಳ ಬಗ್ಗೆ ಮಾತ್ರ ಹೆಸರಿನಾಚೆಗೆ ಹೆಚ್ಚೇನೂ ತಿಳಿಯುವುದಿಲ್ಲ. ಬಾಯಿದ್ದವಳ ಒಪ್ಪಿಗೆಯನ್ನು ಬಣ್ಣಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಕನ್ನಡದಲ್ಲಿ ಮದುವೆಗೆ ಮುಂಚಿನದೆಲ್ಲ ಮಾತು. ಮಾತುಕತೆ ನಡೆಯುತ್ತದೆ, ಹಿರಿಯರು ಮಾತು ಕೊಡುತ್ತಾರೆ, ಕೊಟ್ಟ ಮಾತಿಗೆ ತಪ್ಪಬಾರದು ಎನ್ನುತ್ತಾರೆ. ಮದುವೆ ಎಂಬ ಕ್ರಿಯೆಗೆ ಬಂದಾಗ ಮಾತ್ರ ಭಾಷೆ ಕೈಗೆ ಇಳಿಯುತ್ತದೆ: ಕೈ ಹಿಡಿದವಳು, ಕೈ ಹಿಡಿದವನು, ಪಾಣಿಗ್ರಹಣ. ಥಾಮಸ್‌ನ ಮದುವೆಯಲ್ಲಿ ಎದ್ದ ಪ್ರಶ್ನೆ ಈ ಎರಡರ ನಡುವಿನದು. ಮದುವೆಯನ್ನು ಮದುವೆಯಾಗಿಸುವುದು ಬಾಯಿಂದ ಬಂದ ಮಾತೋ, ಅದರ ಹಿಂದಿರುವ ಮನಸ್ಸೋ? ಲೆಸ್ಟರಿನ ಪಾದ್ರಿಗಳು ಇದಕ್ಕೆ ಹೊಸದಾಗಿ ಉತ್ತರ ಹುಡುಕಬೇಕಿರಲಿಲ್ಲ. ಇಂಗ್ಲೆಂಡಿನ ಚರ್ಚು 1534ರಲ್ಲಿ ರೋಮಿನಿಂದ ಬೇರೆಯಾಗಿದ್ದರೂ ಮದುವೆಯ ವಿಷಯದಲ್ಲಿ ಅದರ ನ್ಯಾಯಾಲಯಗಳು ಹಳೆಯ ಚರ್ಚ್ ಕಾನೂನನ್ನೇ ಬಹುಮಟ್ಟಿಗೆ ಪಾಲಿಸುತ್ತಿದ್ದವು. ಅದರಲ್ಲಿ ಉತ್ತರ ಸಿದ್ಧವಾಗಿತ್ತು.

ಆ ಉತ್ತರದ ಬೇರು ರೋಮನ್ ಕಾನೂನಿನವರೆಗೂ ಹೋಗುತ್ತದೆ. ರೋಮನ್ನರಲ್ಲಿ ಸ್ಟಿಪುಲಾಸಿಯೊ ಎಂಬ ಕರಾರು ಬಾಯಿಮಾತಿನ ಪ್ರಶ್ನೋತ್ತರದಿಂದ ಆಗುತ್ತಿತ್ತು. ಒಬ್ಬ ಕೇಳಬೇಕು, ಇನ್ನೊಬ್ಬ ಅದೇ ಕ್ರಿಯಾಪದ ಬಳಸಿ ಉತ್ತರಿಸಬೇಕು. ಹಾಗಾಗಿ ಕಿವಿ ಕೇಳದವನಿಗೂ ಮಾತು ಬಾರದವನಿಗೂ ಆ ಕರಾರು ನಿಷಿದ್ಧ. ಹುಟ್ಟಿನಿಂದ ಎರಡೂ ಇಲ್ಲದವನು ಉಯಿಲು ಬರೆಯುವಂತಿಲ್ಲ ಎಂದು 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಳೆ ಮಾಡಿದ. ಆದರೆ ಅದೇ ಜಸ್ಟಿನಿಯನ್ ಮಾಡಿಸಿದ ಕಾನೂನು ಸಂಗ್ರಹದಲ್ಲಿ ಪೌಲುಸ್ ಎಂಬ ನ್ಯಾಯಶಾಸ್ತ್ರಜ್ಞನ ಒಂದು ಸಣ್ಣ ಅಭಿಪ್ರಾಯವೂ ಉಳಿದುಕೊಂಡಿದೆ. ಮೂಗರು, ಕಿವುಡರು, ಕುರುಡರು ವರದಕ್ಷಿಣೆಯ ವಿಷಯದಲ್ಲಿ ಬಾಧ್ಯಸ್ಥರು, ಏಕೆಂದರೆ ಅವರು ಮದುವೆಯಾಗಬಲ್ಲರು ಎಂಬುದು ಅದರ ಸಾರಾಂಶ. ಸ್ಟಿಪುಲಾಸಿಯೊ ಕರಾರಿಗೆ ಮಾತು ಬೇಕು, ಮದುವೆಗೆ ಬೇಡ. ಈ ವಿಚಿತ್ರ ವ್ಯತ್ಯಾಸ ಮುಂದಿನ ಸಾವಿರ ವರ್ಷ ಬಾಳಿತು.

12ನೇ ಶತಮಾನದಲ್ಲಿ ಯುರೋಪಿನ ಪಂಡಿತರಿಗೆ ಮದುವೆ ದೊಡ್ಡ ತಲೆನೋವಾಯಿತು. ಬೊಲೋನ್ಯಾದಲ್ಲಿ 1140ರ ಸುಮಾರಿಗೆ ಚರ್ಚ್ ಕಾನೂನನ್ನು ಒಟ್ಟುಗೂಡಿಸಿದ ಗ್ರೇಷಿಯನ್, ಒಪ್ಪಿಗೆಯಿಂದ ಮದುವೆ ಶುರುವಾಗುತ್ತದೆ, ದೇಹಸಂಬಂಧದಿಂದ ಪೂರ್ಣವಾಗುತ್ತದೆ ಎಂದ. ಪ್ಯಾರಿಸಿನ ಪಂಡಿತರು ಒಪ್ಪಲಿಲ್ಲ. ಅವರ ಬಳಿ ಒಂದು ಗಟ್ಟಿ ವಾದವಿತ್ತು. ದೇಹಸಂಬಂಧವೇ ಮದುವೆಯಾದರೆ ಯೇಸುವಿನ ತಾಯಿ ಮರಿಯ ಮತ್ತು ಜೋಸೆಫರದು ಮದುವೆಯೇ ಅಲ್ಲ ಎಂದಾಗುತ್ತದೆ. ಹಾಗೆನ್ನುವ ಧೈರ್ಯ ಯಾರಿಗಿದೆ? ಅಲ್ಲಿಂದ ಪೀಟರ್ ಲೊಂಬಾರ್ಡ್ ಮುಂತಾದವರು ಹೇಳಿದ್ದು, ಗಂಡು ಹೆಣ್ಣಿನ ಒಪ್ಪಿಗೆಯೇ ಮದುವೆ, ಆದರೆ ಆ ಒಪ್ಪಿಗೆ ವರ್ತಮಾನ ಕಾಲದಲ್ಲಿರಬೇಕು. ಸ್ವೀಕರಿಸಿದ್ದೇನೆ, ಈಗ, ಇಲ್ಲೇ ಎಂದರೆ ಮದುವೆ. ಮುಂದೆ ಸ್ವೀಕರಿಸುವೆ ಎಂದರೆ ಬರೀ ನಿಶ್ಚಿತಾರ್ಥ. 1159ರಿಂದ 1181ರವರೆಗೆ ಪೋಪ್ ಆಗಿದ್ದ ಮೂರನೇ ಅಲೆಕ್ಸಾಂಡರ್ ಬಹುಮಟ್ಟಿಗೆ ಈ ಪಕ್ಷವನ್ನೇ ಹಿಡಿದ. ವ್ಯಾಕರಣದ ಒಂದು ಪ್ರತ್ಯಯದ ಮೇಲೆ ಎಷ್ಟೋ ಸಂಸಾರಗಳ ಹಣೆಬರಹ ನಿಂತಿತು. ಇಂದಿನ ಕನ್ನಡದ ಮದುಮಗನೊಬ್ಬ ಆ ನ್ಯಾಯಾಲಯಕ್ಕೆ ಹೋಗಿ 'ಸ್ವೀಕರಿಸುತ್ತೇನೆ' ಎಂದಿದ್ದರೆ ನ್ಯಾಯಾಧೀಶರ ಗತಿ ಏನಾಗುತ್ತಿತ್ತೋ. ನಾಳೆ ಬರುವುದಕ್ಕೂ ಈಗ ಒಪ್ಪುವುದಕ್ಕೂ ನಮ್ಮಲ್ಲಿ ರೂಪ ಒಂದೇ.

ಮದುವೆಯ ಜೀವ ಒಪ್ಪಿಗೆಯಲ್ಲಿದೆ ಎಂದು ಒಮ್ಮೆ ನಿರ್ಧಾರವಾದ ಮೇಲೆ ದೇಹದ ಕುಂದು ಅಡ್ಡ ಬರಲು ಜಾಗ ಕಡಿಮೆಯಾಯಿತು. ಇದು ಮೊದಲು ಕಂಡದ್ದು ಕುಷ್ಠರೋಗಿಗಳ ವಿಷಯದಲ್ಲಿ. ಕುಷ್ಠ ತಗುಲಿದವರನ್ನು ಊರಾಚೆ ಇಡುತ್ತಿದ್ದರು, ಹೆಂಡತಿಯಾಗಲಿ ಗಂಡನಾಗಲಿ ಜೊತೆಗೆ ಹೋಗುತ್ತಿರಲಿಲ್ಲ. ಈ ದೂರು ಕಿವಿಗೆ ಬಿದ್ದಾಗ ಅಲೆಕ್ಸಾಂಡರ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಪತ್ರ ಬರೆದ. ಹೆಂಡತಿ ಗಂಡನನ್ನೂ ಗಂಡ ಹೆಂಡತಿಯನ್ನೂ ಹಿಂಬಾಲಿಸಿ ದಾಂಪತ್ಯದ ಪ್ರೀತಿಯಿಂದ ಆರೈಕೆ ಮಾಡುವಂತೆ ಮನವೊಲಿಸಬೇಕು, ಒಪ್ಪದಿದ್ದರೆ ಇನ್ನೊಬ್ಬರು ಬದುಕಿರುವವರೆಗೆ ಬೇರೆ ಮದುವೆಯ ಮಾತೆತ್ತಬಾರದು ಎಂದು ತಿಳಿಸಿದ. ಇನ್ನೊಂದು ಪತ್ರದಲ್ಲಿ ಮತ್ತೂ ಮುಂದೆ ಹೋದ. ಕುಷ್ಠರೋಗಿಗೆ ಮದುವೆಯಾಗುವ ಇಚ್ಛೆಯಿದ್ದು, ಅವನನ್ನು ವರಿಸಲು ಒಪ್ಪುವ ಹೆಣ್ಣು ಸಿಕ್ಕರೆ ಅವರನ್ನು ತಡೆಯುವಂತಿಲ್ಲ. ಸ್ವಲ್ಪ ಕಾಲದ ನಂತರ ಮೂರನೇ ಅರ್ಬನ್ ಪೋಪ್ ಒಂದು ಗೆರೆ ಎಳೆದ. ನಿಶ್ಚಿತಾರ್ಥವಷ್ಟೇ ಆಗಿದ್ದು, ಮದುವೆಗೆ ಮೊದಲು ಒಬ್ಬರಿಗೆ ಕುಷ್ಠ ಬಂದರೆ ಇನ್ನೊಬ್ಬರು ಮದುವೆಯಾಗಲೇಬೇಕೆಂದಿಲ್ಲ. ಇಲ್ಲಿಯೂ ಅದೇ ವ್ಯಾಕರಣ. ಭವಿಷ್ಯತ್ ಕಾಲದ ಮಾತನ್ನು ರೋಗ ಮುರಿಯಬಲ್ಲದು, ವರ್ತಮಾನದ ಮಾತನ್ನು ಮುರಿಯಲಾರದು.

ಇದನ್ನೆಲ್ಲ ಕರುಣೆಯ ಕಥೆಯಾಗಿ ಓದಿಕೊಳ್ಳುವುದು ಸುಲಭ, ಆದರೆ ಸರಿಯಲ್ಲ. ಹಿಂಬಾಲಿಸಿ ಹೋಗಬೇಕಾದ ಹೆಂಡತಿಗೆ ಈ ಪತ್ರ ಎಷ್ಟು ಕರುಣೆಯಾಗಿ ಕಂಡಿತೋ ಹೇಳುವುದು ಕಷ್ಟ. ಪೋಪರು ಮಾಡುತ್ತಿದ್ದದ್ದು ಒಂದು ತತ್ವವನ್ನು ಅದರ ತುದಿಯವರೆಗೆ ಎಳೆದು ನೋಡುವ ಕೆಲಸ.

1198ರಲ್ಲಿ ಆ ತುದಿಗೆ ಕಿವುಡರು ಬಂದರು. ದಕ್ಷಿಣ ಫ್ರಾನ್ಸಿನ ಆರ್ಲ್ ನಗರದ ಆರ್ಚ್‌ಬಿಷಪ್, ಮೂರನೇ ಇನ್ನೊಸೆಂಟ್ ಪೋಪರಿಗೆ ಒಂದು ಪ್ರಶ್ನೆ ಕಳಿಸಿದ. ಮಾತು ಬಾರದ, ಕಿವಿ ಕೇಳದ ವ್ಯಕ್ತಿ ಮದುವೆಯಾಗಬಹುದೇ? ಇನ್ನೊಸೆಂಟ್ ಆಗಷ್ಟೇ ಪಟ್ಟಕ್ಕೆ ಬಂದಿದ್ದ, ವಯಸ್ಸು 40 ಕೂಡ ಆಗಿರಲಿಲ್ಲ. ಅವನ ಉತ್ತರ ಚಿಕ್ಕದು, ತರ್ಕ ಎರಡು ಹೆಜ್ಜೆಯದು. ಮೊದಲನೆಯದು, ಮದುವೆಯ ಕಾನೂನು ಯಾರು ಆಗಬಾರದು ಎಂದು ಹೇಳುವ ಕಾನೂನು. ಅದು ಯಾರನ್ನು ತಡೆದಿಲ್ಲವೋ ಅವರಿಗೆಲ್ಲ ಬಾಗಿಲು ತೆರೆದಿದೆ. ಎರಡನೆಯದು, ಮದುವೆಗೆ ಬೇಕಾದದ್ದು ಇಬ್ಬರ ಒಪ್ಪಿಗೆಯಷ್ಟೆ. ಹೀಗಿರುವಾಗ ಅಂಥವನು ಬಯಸಿದರೆ ಇಲ್ಲ ಎನ್ನಲಾಗದು, ಎನ್ನಲೂಬಾರದು. ಮಾತಿನಲ್ಲಿ ಹೇಳಲಾಗದ್ದನ್ನು ಅವನು ಸನ್ನೆಯಲ್ಲಿ ಹೇಳಬಲ್ಲ. ಕೆಲವು ವರ್ಷಗಳ ನಂತರದ ಇನ್ನೊಂದು ಪತ್ರದಲ್ಲಿ ಅವನು ಇನ್ನೂ ಬಿಡಿಸಿ ಹೇಳಿದ. ನಿಜದಲ್ಲಿ ಮದುವೆ ಆಗುವುದು ಒಪ್ಪಿಗೆಯಿಂದ, ಮಾತು ಬೇಕಾಗಿರುವುದು ಚರ್ಚಿಗೆ ಅದು ಗೊತ್ತಾಗಲೆಂದು.

ಭಾಷಾವಿಜ್ಞಾನ ಓದಿದವರನ್ನು ಈ ಕೊನೆಯ ವಾಕ್ಯ ತಡೆದು ನಿಲ್ಲಿಸುತ್ತದೆ. ಸನ್ನೆಯೂ ಮಾತಿನಂತೆಯೇ ಪೂರ್ಣ ಅರ್ಥ ಹೊರಬಲ್ಲದು ಎಂಬುದನ್ನು ವಿಶ್ವವಿದ್ಯಾಲಯಗಳು ಒಪ್ಪತೊಡಗಿದ್ದು 1960ರಲ್ಲಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆ ಭಾಷೆಯ ರಚನೆಯನ್ನು ಬಿಡಿಸಿ ತೋರಿಸಿದ ಮೇಲೆ. ಇನ್ನೊಸೆಂಟನಿಗೆ ಸನ್ನೆ ಭಾಷೆಯ ಬಗ್ಗೆ ಯಾವ ಸಿದ್ಧಾಂತವೂ ಇರಲಿಲ್ಲ. ಒಬ್ಬನ ಮನಸ್ಸು ಅವನ ನಾಲಗೆಗಿಂತ ದೊಡ್ಡದು ಎಂಬ ಒಂದು ಊಹೆ ಇತ್ತು. ಮದುವೆಯ ಮಟ್ಟಿಗೆ ಅಷ್ಟು ಸಾಕಾಯಿತು.

ಥಾಮಸ್ ಟಿಲ್ಸಿ ನಂತರ ಅಂಥದ್ದೇ ಇನ್ನೊಂದು ಮದುವೆ 1618ರ ನವೆಂಬರ್ 7ರಂದು ಲಂಡನ್ನಿನ ಆಲ್ಡ್‌ಗೇಟ್‌ನ ಸೇಂಟ್ ಬೋಟಾಲ್ಫ್ ಚರ್ಚಿನಲ್ಲಿ ನಡೆಯಿತು. ಗಂಡು ಥಾಮಸ್ ಸ್ಪೆಲ್ಲರ್, ಎಸೆಕ್ಸ್ ಸೀಮೆಯ ಕಮ್ಮಾರ, ಮಾತು ಬಾರದವನು. ಹೆಣ್ಣು ಸಾರಾ ಅರ್ಲ್, ರೈತನ ಮಗಳು. ಕಮ್ಮಾರ ಒಂದು ಕೈಯಲ್ಲಿ ಪ್ರಾರ್ಥನಾ ಪುಸ್ತಕವನ್ನೂ ಮದುವೆಯ ಲೈಸೆನ್ಸನ್ನೂ ಹಿಡಿದು, ಇನ್ನೊಂದು ಕೈಯಲ್ಲಿ ಸಾರಾಳ ಕೈ ಹಿಡಿದು, ಪಾದ್ರಿಯ ಮುಂದೆ ಬಂದು ನಿಂತ. ತನಗೆ ತಿಳಿದ ಸನ್ನೆಗಳಲ್ಲಿ ಒಪ್ಪಿಗೆ ತೋರಿಸಿದ. ಇಂಥದ್ದು ನಮ್ಮಲ್ಲಿ ಹಿಂದೆಂದೂ ನಡೆದಿರಲಿಲ್ಲ, ಅದಕ್ಕೇ ಬರೆದಿಟ್ಟಿದ್ದೇವೆ ಎಂದು ಆ ಚರ್ಚಿನವರು ದಾಖಲಿಸಿದರು. ಲೆಸ್ಟರಿನ ಸುದ್ದಿ ಅವರಿಗೆ ತಲುಪಿರಲಿಲ್ಲವೆಂದು ಕಾಣುತ್ತದೆ. ಕಾನೂನು 400 ವರ್ಷ ಹಳೆಯದಾದರೂ ಪ್ರತಿ ಊರಿನಲ್ಲೂ ಪ್ರತಿ ಜೋಡಿಯೂ ಮೊದಲಿನಿಂದ ಶುರುಮಾಡಬೇಕಿತ್ತು.

ಒಪ್ಪಿಗೆಯ ಈ ತತ್ವಕ್ಕೆ ಇನ್ನೊಂದು ಅಂಚೂ ಇದೆ. ಕಿವುಡರಿಗೆ ಬಾಗಿಲು ತೆರೆದ ಅದೇ ತರ್ಕ ಇನ್ನೊಬ್ಬರಿಗೆ ಬಾಗಿಲು ಹಾಕಿತು. ಚರ್ಚ್ ಕಾನೂನಿನ ಗ್ರಂಥದಲ್ಲಿ ಕಿವುಡರ ಕುರಿತಾದ ಇನ್ನೊಸೆಂಟನ ತೀರ್ಪಿಗೆ ಅಂಟಿಕೊಂಡೇ ಮುಂದಿನ ತೀರ್ಪು ಬರುತ್ತದೆ. ಬುದ್ಧಿ ಸ್ಥಿಮಿತದಲ್ಲಿಲ್ಲದವನು ಮದುವೆಯಾಗಲಾರ, ಏಕೆಂದರೆ ಅವನು ಒಪ್ಪಲಾರ. ಯಾರು ಒಪ್ಪಬಲ್ಲರು, ಯಾರು ಒಪ್ಪಲಾರರು ಎಂದು ತೂಗುವ ತಕ್ಕಡಿ ಮಾತ್ರ ಎದುರಿಗಿದ್ದವರ ಕೈಯಲ್ಲಿತ್ತು. ಮಾತು ಬಾರದವನನ್ನು ದಡ್ಡನೆಂದು ಎಣಿಸುವ ಊರಿನಲ್ಲಿ ಮೊದಲ ತೀರ್ಪಿಗೆ ಸೇರಬೇಕಾದವನು ಎರಡನೆಯದಕ್ಕೆ ಜಾರುವುದು ಎಷ್ಟು ಹೊತ್ತಿನ ಕೆಲಸ? ಥಾಮಸ್‌ನ ಗಂಟೆಯ ಸನ್ನೆಯನ್ನು ಅಷ್ಟು ಜಾಗ್ರತೆಯಿಂದ ಬರೆದಿಟ್ಟದ್ದರಲ್ಲಿ ಈ ಭಯವೂ ಇದ್ದಿರಬೇಕು.

ದೇಹ ಪೂರ್ತಿಯಾಗಿ ಲೆಕ್ಕದಿಂದ ಹೊರಬಿದ್ದಿತ್ತು ಎಂದೂ ಅಲ್ಲ. ಶಾಶ್ವತವಾದ ನಪುಂಸಕತ್ವ ಮದುವೆಗೆ ಅಡ್ಡಿಯಾಗಿಯೇ ಉಳಿಯಿತು, ಕ್ಯಾಥೊಲಿಕ್ ಕಾನೂನಿನಲ್ಲಿ ಇಂದಿಗೂ ಇದೆ. 1587ರಲ್ಲಿ ಐದನೇ ಸಿಕ್ಸ್ಟಸ್ ಪೋಪ್, ಎರಡೂ ವೃಷಣಗಳಿಲ್ಲದ ಗಂಡಸರ ಮದುವೆ ಅಸಿಂಧು ಎಂದು ಸ್ಪೇನಿಗೆ ಆದೇಶ ಕಳಿಸಿದ. ಅದರ ಆಧಾರದ ಮೇಲೆ ಬೆಳೆದ ಕಟ್ಟುನಿಟ್ಟಿನ ವ್ಯಾಖ್ಯಾನವನ್ನು ವ್ಯಾಟಿಕನ್ ಸಡಿಲಿಸಿದ್ದು 1977ರ ಮೇ ತಿಂಗಳಲ್ಲಿ, 390 ವರ್ಷಗಳ ಮೇಲೆ. ಬೆನ್ನುಮೂಳೆಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದವರಿಗೆ ಇದು ಪುಸ್ತಕದ ಚರ್ಚೆಯಾಗಿರಲಿಲ್ಲ.

19ನೇ ಶತಮಾನದಲ್ಲಿ ವಾದದ ನೆಲವೇ ಬದಲಾಯಿತು. ಇವರು ಒಪ್ಪಬಲ್ಲರೇ ಎಂಬ ಪ್ರಶ್ನೆ ಹಿಂದೆ ಸರಿದು, ಇವರಿಗೆ ಎಂಥ ಮಕ್ಕಳು ಹುಟ್ಟುತ್ತಾರೆ ಎಂಬುದು ಮುಂದೆ ಬಂತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1883ರ ನವೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪ್ರಬಂಧ ಓದಿದ. ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಮನುಷ್ಯರಲ್ಲಿ ಕಿವುಡರದೇ ಒಂದು ತಳಿ ಹುಟ್ಟಿಕೊಳ್ಳುತ್ತದೆ ಎಂಬುದು ಅವನ ಆತಂಕ. ಕಾನೂನಿನಿಂದ ತಡೆಯುವುದು ಫಲಿಸದು ಎಂದ. ಅದರ ಬದಲು ಕಿವುಡ ಮಕ್ಕಳ ವಸತಿ ಶಾಲೆ, ಸನ್ನೆ ಭಾಷೆ, ಕಿವುಡ ಅಧ್ಯಾಪಕರು ಇವೆಲ್ಲ ಕಡಿಮೆಯಾಗಬೇಕು ಎಂದ. ಸನ್ನೆಯಿಂದ ಮದುವೆ ಸಾಧ್ಯ ಎಂದಿದ್ದ ಇನ್ನೊಸೆಂಟ್. ಸನ್ನೆಯಿಂದಲೇ ಇಂಥ ಮದುವೆಗಳಾಗುತ್ತಿವೆ ಎಂಬುದು ಬೆಲ್‌ನ ದೂರಾಗಿತ್ತು. ಬೆಲ್‌ನ ಹೆಂಡತಿ ಮೇಬಲ್‌ಗೂ ಕಿವಿ ಕೇಳುತ್ತಿರಲಿಲ್ಲ. ಆಕೆ ತುಟಿ ನೋಡಿ ಅರ್ಥಮಾಡಿಕೊಂಡು ಬಾಯಿಂದ ಮಾತಾಡುತ್ತಿದ್ದರು.

ಇದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಬೇರೊಂದು ಕಥೆ ನಡೆದಿತ್ತು. ಎಪಿಸ್ಕೋಪಲ್ ಪಾದ್ರಿ ಥಾಮಸ್ ಗ್ಯಾಲಡೆಟ್ 1852ರಲ್ಲಿ ಕಿವುಡರಿಗಾಗಿ ಸೇಂಟ್ ಆನ್ ಚರ್ಚ್ ಆರಂಭಿಸಿದ್ದರು. ಅಲ್ಲಿ ಆರಾಧನೆ ನಡೆಯುತ್ತಿದ್ದದ್ದು ಸನ್ನೆ ಭಾಷೆಯಲ್ಲಿ. ಅವರ ತಾಯಿ ಸೋಫಿಯಾ ಕಿವುಡರು, 1845ರಲ್ಲಿ ಅವರು ಕೈ ಹಿಡಿದ ಎಲಿಜಬೆತ್ ಬಡ್ ಕೂಡ ಕಿವುಡರು. ಬೆಲ್‌ನ ಭಯಕ್ಕೆ ಅಂಕಿಗಳ ಉತ್ತರ ಬಂದದ್ದು 1898ರಲ್ಲಿ. ಎಡ್ವರ್ಡ್ ಅಲೆನ್ ಫೇ ಅಮೆರಿಕದ ಕಿವುಡರ 4,471 ಮದುವೆಗಳ ವಿವರ ಕಲೆಹಾಕಿ ಪುಸ್ತಕ ತಂದ. ಬಹುಪಾಲು ಮದುವೆಗಳಲ್ಲಿ ಹುಟ್ಟಿದ್ದು ಕಿವಿ ಕೇಳುವ ಮಕ್ಕಳೇ. ಪುಸ್ತಕ ಪ್ರಕಟಿಸಿದ್ದು ಬೆಲ್ ಸ್ಥಾಪಿಸಿದ್ದ ವೋಲ್ಟಾ ಬ್ಯೂರೋ. ಅಷ್ಟು ಪ್ರಾಮಾಣಿಕತೆಯನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು.

ಅಂಕಿಗಳು ಬಂದರೂ ಗಾಳಿ ಬೇರೆ ಕಡೆ ಬೀಸುತ್ತಿತ್ತು. 1895ರಲ್ಲೇ ಕನೆಕ್ಟಿಕಟ್ ರಾಜ್ಯ, ಹೆಂಡತಿ 45 ವರ್ಷದೊಳಗಿನವಳಾಗಿದ್ದರೆ ಮೂರ್ಛೆರೋಗದವರ, ಬುದ್ಧಿ ಮಂದವಾದವರ ಮದುವೆ ಅಪರಾಧ ಎಂದು ಕಾನೂನು ಮಾಡಿತ್ತು. ಚರ್ಚುಗಳೂ ಈ ಗಾಳಿಗೆ ಸಿಕ್ಕವು. 1912ರಲ್ಲಿ ಷಿಕಾಗೋದ ಎಪಿಸ್ಕೋಪಲ್ ಕೆಥೆಡ್ರಲ್‌ನ ಡೀನ್ ವಾಲ್ಟರ್ ಸಮ್ನರ್, ವೈದ್ಯರ ಆರೋಗ್ಯ ಪ್ರಮಾಣಪತ್ರ ತಾರದ ಜೋಡಿಗಳಿಗೆ ತನ್ನ ಚರ್ಚಿನಲ್ಲಿ ಮದುವೆಯಿಲ್ಲ ಎಂದು ಸಾರಿದ. ಗ್ಯಾಲಡೆಟ್ ಮತ್ತು ಸಮ್ನರ್ ಒಂದೇ ಸಭೆಗೆ ಸೇರಿದವರು. ಕ್ರೈಸ್ತ ನಿಲುವು ಎಂದು ಒಂದನ್ನೇ ತೋರಿಸಹೊರಟವರು ಇಬ್ಬರಲ್ಲಿ ಒಬ್ಬರನ್ನು ಮರೆಯಬೇಕಾಗುತ್ತದೆ. ಕ್ಯಾಥೊಲಿಕರ ಕಡೆಯಿಂದ ಹನ್ನೊಂದನೇ ಪಯಸ್ ಪೋಪ್ 1930ರ ಡಿಸೆಂಬರ್ 31ರ ಪತ್ರದಲ್ಲಿ, ಸಂತಾನ ಕೆಡುತ್ತದೆಂಬ ಊಹೆಯಿಂದ ಸರ್ಕಾರ ಯಾರ ಮದುವೆಯನ್ನೂ ತಡೆಯುವಂತಿಲ್ಲ ಎಂದು ಖಂಡಿಸಿದ. ಆದರೆ ಅಂಥವರಿಗೆ ಮದುವೆ ಬೇಡವೆಂದು ಬುದ್ಧಿ ಹೇಳಬೇಕಾಗಿ ಬರುವುದುಂಟು ಎಂಬ ಮಾತನ್ನೂ ಸೇರಿಸಿದ. ಬಾಗಿಲಿಗೆ ಬೀಗ ಹಾಕಬೇಡಿ, ಹೊಸ್ತಿಲಲ್ಲಿ ನಿಂತು ತಡೆದು ನೋಡಿ ಎಂದಂತೆ.

ನಮ್ಮ ದೇಶಕ್ಕೆ ಈ ಪರಂಪರೆ ಬಂದದ್ದು ಕಾನೂನಿನ ಪುಸ್ತಕಗಳ ಮೂಲಕ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ರಿಜಿಸ್ಟ್ರಾರರ ಮುಂದೆ ಗಂಡು ಹೆಣ್ಣು ಪರಸ್ಪರ ಹೇಳಬೇಕಾದ ಮಾತುಗಳನ್ನು ಬರೆದುಕೊಟ್ಟಿದೆ, ಜೊತೆಗೆ ಅದೇ ಅರ್ಥ ಬರುವಂತೆ ಹೇಳಿದರೂ ಸರಿ ಎಂದಿದೆ. ಕ್ಯಾಥೊಲಿಕ್ ಚರ್ಚಿನ 1983ರ ಕಾನೂನು ಸಂಹಿತೆಯ 1104ನೇ ವಿಧಿ ಇನ್ನೂ ನೇರ. ಒಪ್ಪಿಗೆ ಮಾತಿನಲ್ಲಿರಬೇಕು, ಮಾತಾಡಲಾಗದವರು ಅದಕ್ಕೆ ಸಮನಾದ ಸನ್ನೆಯಲ್ಲಿ ತಿಳಿಸಬೇಕು. ಮುಂಬೈಯ ಬಾಂದ್ರಾದಲ್ಲೋ ಮಂಗಳೂರಿನಲ್ಲೋ ಇಂದು ಕಿವುಡ ಜೋಡಿಯೊಂದು ಸನ್ನೆ ಭಾಷೆಯಲ್ಲಿ ಒಪ್ಪಿಗೆ ಸೂಚಿಸಿ ಮದುವೆಯಾದರೆ ಅವರ ಬೆನ್ನಿಗೆ ಆರ್ಲ್‌ಗೆ ಹೋದ ಆ ಉತ್ತರವಿದೆ.

ಕುಷ್ಠದ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಹಿಂದಕ್ಕೆ ನಡೆಯಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿರಲಿಲ್ಲ. ಅದರ ಹಳೆಯ 10ನೇ ಸೆಕ್ಷನ್ ಹೆಂಗಸರಿಗೆ ಬಹಳ ಅನ್ಯಾಯದ್ದು. ಗಂಡನಿಗೆ ಹೆಂಡತಿಯ ವ್ಯಭಿಚಾರ ಸಾಬೀತಾದರೆ ಸಾಕು, ಹೆಂಡತಿಗೆ ಅದರ ಜೊತೆ ಕ್ರೌರ್ಯವೋ ಪರಿತ್ಯಾಗವೋ ಇನ್ನೊಂದೂ ಬೇಕಿತ್ತು. 2001ರಲ್ಲಿ ಸಂಸತ್ತು ಇದನ್ನು ತಿದ್ದಿ ಇಬ್ಬರಿಗೂ ಒಂದೇ ಅಳತೆ ಮಾಡಿತು. ಒಳ್ಳೆಯ ತಿದ್ದುಪಡಿ, ಬರಲು ತೀರಾ ತಡವಾಗಿದ್ದ ತಿದ್ದುಪಡಿ. ಆದರೆ ಹೊಸ ಕಾರಣಗಳ ಪಟ್ಟಿಯಲ್ಲಿ ಎರಡು ವರ್ಷದಿಂದ ವಾಸಿಯಾಗದ ಉಗ್ರ ಕುಷ್ಠ ಎಂಬುದೂ ಬಂದು ಸೇರಿಕೊಂಡಿತು. ಕುಷ್ಠವನ್ನು ಗುಣಪಡಿಸುವ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿ ಆಗ 20 ವರ್ಷ ಕಳೆದಿತ್ತು. ರೋಗಕ್ಕೆ ಮದ್ದಿಲ್ಲದ ಕಾಲದ ಪೋಪ್ ಕೊಡದ ಕಾರಣವನ್ನು ಮದ್ದು ಬಂದ ಮೇಲಿನ ಸಂಸತ್ತು ಕೊಟ್ಟಿತು. ಇದನ್ನು ತೆಗೆದುಹಾಕುವಂತೆ ಕಾನೂನು ಆಯೋಗ 2015ರ ಏಪ್ರಿಲ್‌ನಲ್ಲಿ ತನ್ನ 256ನೇ ವರದಿಯಲ್ಲಿ ಹೇಳಿತು. 2019ರ ತಿದ್ದುಪಡಿ ಹಿಂದೂ, ಮುಸ್ಲಿಂ, ಕ್ರೈಸ್ತ ಮತ್ತು ವಿಶೇಷ ವಿವಾಹ ಕಾನೂನುಗಳಿಂದ ಒಟ್ಟಿಗೇ ಅದನ್ನು ಕಿತ್ತುಹಾಕಿತು.

ಕಿತ್ತುಹಾಕಿದ್ದು ಆ ಒಂದು ಕಾರಣವನ್ನಷ್ಟೆ. 1869ರ ಅದೇ ಕಾಯ್ದೆಯ 19ನೇ ಸೆಕ್ಷನ್ ಮದುವೆಯನ್ನು ಅಸಿಂಧುಗೊಳಿಸಲು ಕೊಡುವ ಕಾರಣಗಳಲ್ಲಿ, ಮದುವೆಯ ಹೊತ್ತಿಗೆ ಒಬ್ಬರು 'ಲುನಾಟಿಕ್ ಅಥವಾ ಈಡಿಯಟ್' ಆಗಿದ್ದರು ಎಂಬುದೂ ಒಂದು. ಆ ಎರಡು ಪದಗಳು ಇಂದಿಗೂ ಅಲ್ಲಿಯೇ ಇವೆ.